ಎಲ್ಲಿ ಉಳಿಸಬೇಕು, ಎಲ್ಲಿ ಉಳಿಸಬಾರದು?

ಮನೆಯಲ್ಲೇ ಕಟ್ಟುವ ಸಿ.ಎನ್.ಸಿ. ಯಂತ್ರದ ಲೆಕ್ಕಾಚಾರ

ಊಟದ ಮೇಜಿನ ಮೇಲೆ ಎರಡು ಚೀಟಿಗಳು. ಒಂದರಲ್ಲಿ ಮಗನ ಅಕ್ಷರ, ಮತ್ತೊಂದರಲ್ಲಿ ತಂದೆಯ ಅಕ್ಷರ. ಎರಡರಲ್ಲಿಯೂ ಇರುವುದು ಒಂದೇ ಯಂತ್ರದ ಬಿಡಿಭಾಗಗಳ ಪಟ್ಟಿ. ಎರಡರ ಕೆಳಗೂ ಬರೆದಿರುವುದು ಒಂದೇ ಮೊತ್ತ. ಆದರೆ ನಡುವಿನ ಅಂಕಿಗಳು ಮಾತ್ರ ಒಂದಕ್ಕೊಂದು ತಾಳೆಯಾಗುವುದಿಲ್ಲ. ಮಗನ ಪಟ್ಟಿಯಲ್ಲಿ ಮೋಟಾರುಗಳಿಗೂ ವಿದ್ಯುತ್ ಸಲಕರಣೆಗಳಿಗೂ ದೊಡ್ಡ ಪಾಲು. ಚೌಕಟ್ಟಿಗೆ ಉಳಿದ ಚಿಲ್ಲರೆ. ತಂದೆಯ ಪಟ್ಟಿಯಲ್ಲಿ ಎಲ್ಲವೂ ತಲೆಕೆಳಗು.

ಇಂಥದೊಂದು ಮನೆಯನ್ನು ಓದುಗರು ಸುಲಭವಾಗಿ ಊಹಿಸಿಕೊಳ್ಳಬಹುದು. ಅದು ಬೆಂಗಳೂರಿನ ಮಲ್ಲೇಶ್ವರದಲ್ಲಿರಲಿ, ಮೈಸೂರಿನ ಕುವೆಂಪುನಗರದಲ್ಲಿರಲಿ, ಹುಬ್ಬಳ್ಳಿಯ ವಿದ್ಯಾನಗರದಲ್ಲಿರಲಿ, ಮಾತು ಒಂದೇ. ತಂದೆ ಯಂತ್ರ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಮಗ ಕಚೇರಿಯಲ್ಲಿ ಗಣಕದ ಮುಂದೆ ಕುಳಿತು ಕೆಲಸ ಮಾಡುವವನು. ಮರದ ಹಲಗೆಯ ಮೇಲೆ ನಾಮಫಲಕಗಳನ್ನೂ ದೇವರ ಮಂಟಪದ ಜಾಲರಿಗಳನ್ನೂ ತಾನಾಗಿಯೇ ಕೊರೆಯುವ ಯಂತ್ರವೊಂದನ್ನು ಮಹಡಿಯ ಕೋಣೆಯಲ್ಲಿ ಕಟ್ಟಬೇಕೆಂಬುದು ಅವನ ಹಂಬಲ. ಅದಕ್ಕಾಗಿ ಒಂದು ವರ್ಷ ಸಂಬಳದಲ್ಲಿ ಉಳಿಸಿದ ಹಣವಿದೆ. ಆ ಹಣದಲ್ಲಿ ಮನೆಗೆ ಸುಣ್ಣಬಣ್ಣ ಮಾಡಿಸಬಹುದಾಗಿತ್ತೆಂಬುದು ತಾಯಿಯ ಮನಸ್ಸಿನಲ್ಲಿದ್ದರೂ ಆಕೆ ಬಾಯಿಬಿಟ್ಟು ಹೇಳಿಲ್ಲ.

“ಅಪ್ಪ, ಈಗಿನ ಯಂತ್ರದ ಜೀವ ಇರೋದೇ ಎಲೆಕ್ಟ್ರಾನಿಕ್ಸಿನಲ್ಲಿ” ಎನ್ನುತ್ತಾನೆ ಮಗ.

“ಮೋಟಾರನ್ನು ಆಮೇಲೂ ಬದಲಾಯಿಸಬಹುದು ಕಣಪ್ಪ. ಬುಡವನ್ನೇ ಬದಲಾಯಿಸೋಕೆ ಆಗುತ್ತೇನು?” ಎನ್ನುತ್ತಾರೆ ತಂದೆ.

ವಾದ ನಿಲ್ಲುವುದು ಕಾಣದೆ, ಮನೆಯ ಜಮಾ-ಖರ್ಚಿನ ಪುಸ್ತಕ ಇಡುವ ತಾಯಿ ಅಡಿಗೆಮನೆಯ ಬಾಗಿಲಲ್ಲಿ ನಿಂತು ಒಂದೇ ಒಂದು ಪ್ರಶ್ನೆ ಕೇಳುತ್ತಾಳೆ: “ಇದರಲ್ಲಿ ಕೆಟ್ಟರೆ ಮತ್ತೆ ತಂದು ಹಾಕಬಹುದಾದ್ದು ಯಾವುದು? ಹಾಕೋಕೆ ಆಗದೇ ಇರೋದು ಯಾವುದು? ಅದನ್ನು ಮೊದಲು ಬೇರೆ ಬೇರೆ ಬರೀರಿ.”

ಅಗ್ಗದ ಭಾಗವೋ ದುಬಾರಿ ಭಾಗವೋ ಎಂಬ ಚರ್ಚೆಗೆ ಇದಕ್ಕಿಂತ ಒಳ್ಳೆಯ ಆರಂಭ ಇರಲಾರದು.

ಕಾರ್ಖಾನೆಯಿಂದ ಮಹಡಿಯ ಕೋಣೆಗೆ

ಅಂಕಿಗಳ ಆಜ್ಞೆಯಂತೆ ಲೋಹವನ್ನು ಕೊರೆಯುವ ಯಂತ್ರ ಹುಟ್ಟಿದ್ದು ಅಮೆರಿಕದಲ್ಲಿ. ಹೆಲಿಕಾಪ್ಟರಿನ ರೆಕ್ಕೆಗಳನ್ನು ತಯಾರಿಸುತ್ತಿದ್ದ ಜಾನ್ ಪಾರ್ಸನ್ಸ್ ಎಂಬಾತನ ಆಲೋಚನೆಯನ್ನು ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯ ಪ್ರಯೋಗಾಲಯದವರು ಬೆಳೆಸಿ, ೧೯೫೨ರಲ್ಲಿ ಅಂಥ ಯಂತ್ರವೊಂದನ್ನು ಪ್ರದರ್ಶಿಸಿದರು. ರಂಧ್ರಗಳುಳ್ಳ ಕಾಗದದ ಪಟ್ಟಿ ಅದಕ್ಕೆ ಆಜ್ಞೆ ನೀಡುತ್ತಿತ್ತು. ನಿರ್ವಾತ ಕೊಳವೆಗಳಿಂದ ತುಂಬಿದ ಅದರ ನಿಯಂತ್ರಣ ಪೆಟ್ಟಿಗೆ ಯಂತ್ರದಷ್ಟೇ ಭಾರಿಯಾಗಿತ್ತು. ಅದರ ಮರುವರ್ಷ, ೧೯೫೩ರಲ್ಲಿ, ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಮೆಷಿನ್ ಟೂಲ್ಸ್ ಸ್ಥಾಪನೆಯಾಯಿತು. ಯಂತ್ರಗಳನ್ನು ಹೆರುವ ಯಂತ್ರಗಳ ಪರಿಚಯ ಕನ್ನಡನಾಡಿನ ಸಾವಿರಾರು ಸಂಸಾರಗಳಿಗೆ ಆದದ್ದು ಹೀಗೆ.

ಕಾರ್ಖಾನೆಯ ಈ ದೈತ್ಯ ಮನೆಯ ಕೋಣೆಗೆ ಬರಲು ಅರ್ಧ ಶತಮಾನವೇ ಹಿಡಿಯಿತು. ೨೦೦೫ರ ಸುಮಾರಿಗೆ ಇಟಲಿಯಲ್ಲಿ ಆರ್ಡುಯಿನೊ ಎಂಬ, ಅಂಗೈಯಗಲದ ಅಗ್ಗದ ನಿಯಂತ್ರಣ ಹಲಗೆ ರೂಪುಗೊಂಡಿತು. ೨೦೦೯ರಲ್ಲಿ ನಾರ್ವೆಯ ಸಿಮೆನ್ ಸ್ವಾಲೆ ಸ್ಕಾಗ್ಸ್‌ರೂಡ್ ಎಂಬಾತ, ಆ ಹಲಗೆಯಿಂದಲೇ ಯಂತ್ರದ ಮೂರು ದಿಕ್ಕಿನ ಚಲನೆಯನ್ನು ನಡೆಸಬಲ್ಲ ‘ಗ್ರಬಲ್’ ಎಂಬ ತಂತ್ರಾಂಶವನ್ನು ಬರೆದು ಎಲ್ಲರಿಗೂ ಉಚಿತವಾಗಿ ಕೊಟ್ಟ. ಅಲ್ಲಿಂದ ಮುಂದೆ, ಒಂದು ಕಾಲಕ್ಕೆ ಅತ್ಯಂತ ದುಬಾರಿಯಾಗಿದ್ದ ಯಂತ್ರದ ‘ಮೆದುಳು’ ಅತ್ಯಂತ ಅಗ್ಗದ ಭಾಗವಾಗಿಬಿಟ್ಟಿತು. ಆದರೆ ‘ಮೂಳೆ’ಯ ಬೆಲೆ ಹಾಗೆ ಇಳಿಯಲಿಲ್ಲ. ಇಂದಿನ ಗೊಂದಲಕ್ಕೆಲ್ಲ ಮೂಲ ಈ ವ್ಯತ್ಯಾಸವೇ.

ರಂಗೋಲಿ ಇಡುವ ಕೈ

ಯಂತ್ರದ ಕೆಲಸ ತಿಳಿಯುವುದು ಕಷ್ಟವಲ್ಲ. ಕೊರೆಯುವ ಉಳಿಯನ್ನು ವೇಗವಾಗಿ ತಿರುಗಿಸುವ ಒಂದು ಮೋಟಾರು. ಅದಕ್ಕೆ ಸ್ಪಿಂಡಲ್ ಎಂದು ಹೆಸರು. ಅದನ್ನು ಎಡಬಲಕ್ಕೆ, ಹಿಂದುಮುಂದಕ್ಕೆ, ಮೇಲುಕೆಳಕ್ಕೆ ಒಯ್ಯುವ ಮೂರು ಸರಿದಾರಿಗಳು. ಪ್ರತಿಯೊಂದು ದಾರಿಯಲ್ಲೂ ಜಾರಲು ಹಳಿ, ತಳ್ಳಲು ಉದ್ದನೆಯ ತಿರುಪು, ತಿರುಪನ್ನು ತಿರುಗಿಸಲು ಒಂದು ಸ್ಟೆಪ್ಪರ್ ಮೋಟಾರು. ಇಷ್ಟನ್ನೂ ಹೊರಲು ಚೌಕಟ್ಟು. ಆಜ್ಞೆ ಕೊಡಲು ನಿಯಂತ್ರಣ ಹಲಗೆ.

ಮುಂಜಾನೆ ಅಂಗಳದಲ್ಲಿ ರಂಗೋಲಿ ಇಡುವ ಗೃಹಿಣಿಯ ಕೈಗೂ ಈ ಯಂತ್ರಕ್ಕೂ ಒಂದು ದೊಡ್ಡ ಭೇದವಿದೆ. ಎಳೆ ತುಸು ಓರೆಯಾದರೆ ಆಕೆಯ ಕಣ್ಣು ಅದನ್ನು ಕಾಣುತ್ತದೆ, ಕೈ ಒಡನೆ ತಿದ್ದಿಕೊಳ್ಳುತ್ತದೆ. ಮನೆಯಲ್ಲಿ ಕಟ್ಟುವ ಸಾಮಾನ್ಯ ಯಂತ್ರಕ್ಕೆ ಕಣ್ಣಿಲ್ಲ. ‘ಹತ್ತು ಮಿಲಿಮೀಟರ್ ಸರಿ’ ಎಂದು ಆಜ್ಞೆ ಕೊಟ್ಟ ಮೇಲೆ, ಉಳಿ ನಿಜಕ್ಕೂ ಹತ್ತು ಮಿಲಿಮೀಟರ್ ಸರಿಯಿತೇ ಎಂದು ಅದು ನೋಡುವುದಿಲ್ಲ. ಸರಿದಿದೆಯೆಂದು ನಂಬಿ ಮುಂದಿನ ಆಜ್ಞೆಗೆ ಹೋಗುತ್ತದೆ. ಆದುದರಿಂದ ಚೌಕಟ್ಟು ಬಾಗಿದರೂ, ಹಳಿ ಅಲುಗಿದರೂ, ತಿರುಪು ಸಡಿಲಾದರೂ ಅಷ್ಟೂ ತಪ್ಪು ಮರದ ಮೇಲೆ ಅಚ್ಚಾಗಿ ಉಳಿಯುತ್ತದೆ. ಎಷ್ಟೇ ಬೆಲೆಬಾಳುವ ಮೆದುಳಿದ್ದರೂ ಮೂಳೆಯ ದೋಷವನ್ನು ತಿದ್ದಲಾರದು.

ಈಗ ತಾಯಿಯ ಪ್ರಶ್ನೆಯನ್ನು ಒಂದೊಂದು ಭಾಗಕ್ಕೂ ಹಾಕಿ ನೋಡಬೇಕು.

ಚೌಕಟ್ಟು: ಬೆಲೆ ಬೇರೆ, ಬಿಗಿ ಬೇರೆ

ಮೊದಲ ಯಂತ್ರವನ್ನು ಪ್ಲೈವುಡ್ಡಿನಲ್ಲೋ ಎಂ.ಡಿ.ಎಫ್. ಹಲಗೆಯಲ್ಲೋ ಕಟ್ಟುವವರು ಬಹಳ. ಗರಗಸ, ಬೈರಿಗೆಗಳಿದ್ದರೆ ಸಾಕು, ಒಂದು ಭಾನುವಾರದಲ್ಲಿ ಚೌಕಟ್ಟು ಸಿದ್ಧ. ಕಲಿಯಲು ಇದು ತಕ್ಕದ್ದೇ. ಆದರೆ ಮರದ ಹಲಗೆ ಗಾಳಿಯ ತೇವವನ್ನು ಹೀರಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಮಾರ್ಚಿಯಲ್ಲಿ ಮೂಲೆಗೆ ಮೂಲೆ ಸರಿಯಾಗಿದ್ದ ಯಂತ್ರ ಜುಲೈ ತಿಂಗಳ ಮಳೆಯಲ್ಲಿ ಓರೆಯಾಗಿ ಕೊರೆದರೆ ಆಶ್ಚರ್ಯಪಡಬೇಕಾಗಿಲ್ಲ.

ಎರಡನೆಯ ಆಯ್ಕೆ, ಬಿಲ್ಲೆಬಿಲ್ಲೆಯಾಗಿ ತೋಡುಗಳಿರುವ ಅಲ್ಯುಮಿನಿಯಂ ಕಂಬಿಗಳು. ನೋಡಲು ಅಂದ, ತುಕ್ಕು ಹಿಡಿಯುವುದಿಲ್ಲ, ಬೋಲ್ಟು ಹಾಕಿ ಬಿಗಿಯುವುದು ಸುಲಭ. ಮೂರನೆಯದು, ಗೇಟು-ಕಿಟಕಿಗಳಿಗೆ ಬಳಸುವ ಚೌಕ ಬಾಯಿಯ ಕಬ್ಬಿಣದ ಕೊಳವೆ. ಒಂದೇ ಅಳತೆಯ, ಒಂದೇ ದಪ್ಪದ ಎರಡನ್ನು ಹೋಲಿಸಿದರೆ ಉಕ್ಕು ಅಲ್ಯುಮಿನಿಯಮ್ಮಿಗಿಂತ ಸುಮಾರು ಮೂರು ಪಟ್ಟು ಬಿಗಿ. ಸಾಮಾನ್ಯವಾಗಿ ಬೆಲೆಯೂ ಕಡಮೆ; ಯಾವ ಊರಿನ ಕಬ್ಬಿಣದ ಅಂಗಡಿಯಲ್ಲಿಯೂ ಸಿಗುತ್ತದೆ. ಉಕ್ಕಿನ ಕೊಳವೆಗಳಿಂದಲೇ ಕಟ್ಟುವ ‘ಪ್ರಿಂಟ್‌ಎನ್‌ಸಿ’ ಎಂಬ ಮುಕ್ತ ವಿನ್ಯಾಸ ಹವ್ಯಾಸಿಗಳಲ್ಲಿ ಹೆಸರು ಪಡೆದಿರುವುದೂ ಇದೇ ಕಾರಣಕ್ಕೆ.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಅಂದವಾದುದೂ ದುಬಾರಿಯಾದುದೂ ಅಲ್ಯುಮಿನಿಯಂ, ಬಿಗಿಯಾದುದು ಕಬ್ಬಿಣ. ಹಾಗೆಂದು ಕಬ್ಬಿಣ ಪುಕ್ಕಟೆಯಾಗಿ ದಕ್ಕುವುದಿಲ್ಲ. ಅದರ ಬೆಲೆಯನ್ನು ಶ್ರಮದಲ್ಲಿ ತೆರಬೇಕು. ಬೆಸುಗೆ ಹಾಕಿದರೆ ಕಾವಿಗೆ ಕೊಳವೆ ಸೆಳೆದುಕೊಂಡು ಓರೆಯಾಗುತ್ತದೆ. ಆಮೇಲೆ ಹಳಿ ಕೂರುವ ಮೈಯನ್ನು ಮಟ್ಟ ಮಾಡಲೇಬೇಕು. ಬೋಲ್ಟು ಹಾಕಿ ಜೋಡಿಸಿದರೆ ಈ ತೊಂದರೆ ಕಡಮೆ. ಅಲ್ಲದೆ ಹಾದಿ ಇನ್ನೊಂದಿದೆ: ದಪ್ಪವನ್ನು ನಂಬುವುದಕ್ಕಿಂತ ಎತ್ತರವನ್ನು ನಂಬುವುದು. ಅಗಲ ಒಂದೇ ಇರುವ ಗಟ್ಟಿ ಪಟ್ಟಿಯ ಎತ್ತರವನ್ನು ಇಮ್ಮಡಿ ಮಾಡಿದರೆ ಅದರ ಬಿಗಿ ಎಂಟು ಪಟ್ಟಾಗುತ್ತದೆ. ತೊಲೆಯನ್ನು ಮಲಗಿಸದೆ ನಿಲ್ಲಿಸಿ ಇಡುವ ಹಳೆಯ ಬಡಗಿಗೆ ಈ ಸೂತ್ರ ಲೆಕ್ಕವಿಲ್ಲದೆಯೇ ಗೊತ್ತು.

ಚೌಕಟ್ಟನ್ನು ಆಮೇಲೆ ಬದಲಾಯಿಸುವುದೆಂದರೆ ಯಂತ್ರವನ್ನೇ ಹೊಸದಾಗಿ ಕಟ್ಟಿದಂತೆ. ಆದುದರಿಂದ ಇದು ತಾಯಿಯ ಎರಡನೆಯ ಸಾಲಿಗೆ ಸೇರುವ ಭಾಗ. ಇಲ್ಲಿ ಹಣ ಉಳಿಸಬಹುದು. ಶ್ರಮ ಮಾತ್ರ ಉಳಿಸಬಾರದು.

ಹಳಿಗಳು: ಬಾಗುವ ಸರಳಿನ ಕಥೆ

ಅಗ್ಗದ ಕಿಟ್ಟುಗಳಲ್ಲಿ ಹೆಚ್ಚಾಗಿ ಕಾಣುವುದು ಎರಡು ತುದಿಗಳಲ್ಲಿ ಮಾತ್ರ ಆಧಾರವಿರುವ ದುಂಡು ಸರಳು. ಇದರ ಮಿತಿಯನ್ನು ಒಂದು ಲೆಕ್ಕದಿಂದ ತಿಳಿಯಬಹುದು. ೧೬ ಮಿಲಿಮೀಟರ್ ವ್ಯಾಸದ ಉಕ್ಕಿನ ಸರಳನ್ನು ೬೦೦ ಮಿಲಿಮೀಟರ್ ಅಂತರದ ಎರಡು ಆಧಾರಗಳ ಮೇಲಿಟ್ಟು, ನಟ್ಟನಡುವೆ ೫ ಕಿಲೋ ಭಾರದಷ್ಟು ಒತ್ತಿದರೆ ಅದು ಸುಮಾರು ೦.೩೪ ಮಿಲಿಮೀಟರ್ ಬಾಗುತ್ತದೆ. ಕಣ್ಣಿಗೆ ಅದು ಏನೂ ಅಲ್ಲ. ಆದರೆ ಒಂದರೊಳಗೊಂದು ಕೂರಬೇಕಾದ ಎರಡು ಮರದ ತುಂಡುಗಳಿಗೆ ಅದೇ ದೊಡ್ಡ ಬಿರುಕು. ಸರಳಿನ ವ್ಯಾಸವನ್ನು ೨೦ ಮಿಲಿಮೀಟರಿಗೆ ಏರಿಸಿದರೆ ಬಾಗು ೦.೧೪ಕ್ಕೆ ಇಳಿಯುತ್ತದೆ. ಸರಳನ್ನು ಬದಲಾಯಿಸದೆ ಉದ್ದವನ್ನು ಅರ್ಧ ಮಾಡಿದರಂತೂ ಎಂಟನೆಯ ಒಂದು ಪಾಲಾಗಿ, ೦.೦೪ರಷ್ಟಾಗುತ್ತದೆ.

ಈ ಲೆಕ್ಕದಲ್ಲಿ ದೊಡ್ಡದೊಂದು ಪಾಠವಿದೆ. ಹಣ ಸಾಲದಾದಾಗ ಭಾಗಗಳ ಗುಣವನ್ನು ತಗ್ಗಿಸುವುದಕ್ಕಿಂತ ಯಂತ್ರದ ಗಾತ್ರವನ್ನು ತಗ್ಗಿಸುವುದು ಮೇಲು. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ. ನಾಲ್ಕು ಅಡಿಯ ಹಲಗೆಯನ್ನು ಎಂದೋ ಒಂದು ದಿನ ಕೊರೆಯಬೇಕಾದೀತೆಂದು ಹೆದರಿ ನಾಲ್ಕು ಅಡಿಯ ಸಡಿಲ ಯಂತ್ರ ಕಟ್ಟುವವನಿಗಿಂತ, ಎರಡು ಅಡಿಯ ಬಿಗಿಯಾದ ಯಂತ್ರ ಕಟ್ಟುವವನು ಜಾಣ.

ದುಂಡು ಸರಳಿಗಿಂತ ಒಂದು ಮೆಟ್ಟಿಲು ಮೇಲಿರುವುದು, ಉದ್ದಕ್ಕೂ ಅಲ್ಯುಮಿನಿಯಂ ಪೀಠದ ಆಧಾರವಿರುವ ದುಂಡು ಹಳಿ. ಅದಕ್ಕೂ ಮೇಲಿನದು, ಚೌಕ ಮೈಯ, ಪಕ್ಕದಲ್ಲಿ ತೋಡುಗಳಿರುವ, ಗುಂಡುಗಳ ಮೇಲೆ ಜಾರುವ ಲೀನಿಯರ್ ಹಳಿ. ಜಪಾನಿನ ಟಿ.ಎಚ್.ಕೆ. ಸಂಸ್ಥೆ ೧೯೭೨ರಲ್ಲಿ ರೂಪಿಸಿದ ಈ ಬಗೆಯ ಹಳಿಯನ್ನು ಇಂದು ತೈವಾನಿನ ಹೈವಿನ್ ಮೊದಲಾದ ಹಲವು ಸಂಸ್ಥೆಗಳು ತಯಾರಿಸುತ್ತವೆ. ಹೆಸರಿಲ್ಲದ ಅಗ್ಗದ ಮಾದರಿಗಳೂ ಬೇಕಾದಷ್ಟಿವೆ. ಮರ ಕೊರೆಯುವ ಯಂತ್ರಕ್ಕೆ ಹೆಸರಿಲ್ಲದ ಚೌಕ ಹಳಿಯೂ, ತುದಿಗಳಲ್ಲಷ್ಟೇ ಆಧಾರವಿರುವ ಉತ್ತಮ ದುಂಡು ಸರಳಿಗಿಂತ ಎಷ್ಟೋ ವಾಸಿ. ಅಂದರೆ ಆರಿಸಬೇಕಾದುದು ಮೊದಲು ಜಾತಿಯನ್ನು, ಹೆಸರನ್ನು ಆಮೇಲೆ.

ಆದರೆ ಒಂದು ಎಚ್ಚರಿಕೆ. ಹಳಿ ತಾನು ಕೂತ ಮೈಯನ್ನೇ ಅನುಸರಿಸುತ್ತದೆ. ಡೊಂಕು ಕೊಳವೆಯ ಮೇಲೆ ಅತ್ಯುತ್ತಮ ಹಳಿಯನ್ನು ಬಿಗಿದರೆ ಹಳಿಯೂ ಡೊಂಕಾಗುತ್ತದೆ. ಎರಡು ಹಳಿಗಳು ಸಮಾನಾಂತರವಾಗಿಲ್ಲದಿದ್ದರೆ ನಡುವಿನ ಬಂಡಿ ಸಿಕ್ಕಿಬೀಳುತ್ತದೆ. ಹಳಿಗೆ ಕೊಟ್ಟ ದುಡ್ಡು ಸಾರ್ಥಕವಾಗುವುದು ಚೌಕಟ್ಟಿಗೆ ಕೊಟ್ಟ ಶ್ರಮದಿಂದಲೇ.

ತಿರುಪು: ಅತಿಯೂ ಬೇಡ

ತಿರುಪಿನಲ್ಲಿ ಎರಡು ಜಾತಿ. ಒಂದು, ಮೂರು ಆಯಾಮದ ಮುದ್ರಣ ಯಂತ್ರಗಳಲ್ಲಿ ಕಾಣುವ ೮ ಮಿಲಿಮೀಟರ್ ವ್ಯಾಸದ ಸಾಮಾನ್ಯ ತಿರುಪು. ನಟ್ಟು ಇದರ ಮೇಲೆ ಉಜ್ಜಿಕೊಂಡು ಸಾಗುತ್ತದೆ. ಇನ್ನೊಂದು ಬಾಲ್ ಸ್ಕ್ರೂ. ಇದರ ನಟ್ಟಿನೊಳಗೆ ಉಕ್ಕಿನ ಗುಂಡುಗಳು ಉರುಳುವುದರಿಂದ ಘರ್ಷಣೆ ಕಡಮೆ, ಸವೆತವೂ ಕಡಮೆ. ಸಾಮಾನ್ಯ ತಿರುಪಿನ ನಟ್ಟು ಸವೆದಂತೆ ಸಡಿಲಾಟ ಹುಟ್ಟುತ್ತದೆ: ಮುಂದೆ ಹೋದ ಬಂಡಿ ಹಿಂದೆ ತಿರುಗುವಾಗ ತಿರುಪು ಸ್ವಲ್ಪ ತಿರುಗಿದ ಮೇಲಷ್ಟೇ ಬಂಡಿ ಕದಲುತ್ತದೆ. ಇಂಥ ಯಂತ್ರ ವೃತ್ತವನ್ನು ಕೊರೆದರೆ ವೃತ್ತದ ನಾಲ್ಕು ಕಡೆ ಚಪ್ಪಟೆ ಗುರುತುಗಳು ಮೂಡುತ್ತವೆ. ಕಾರ್ಖಾನೆಯ ಹಳಬರು ಇದನ್ನು ನೋಡಿದೊಡನೆ ರೋಗವನ್ನು ಹೇಳಿಬಿಡಬಲ್ಲರು.

ಹವ್ಯಾಸಿಗಳಲ್ಲಿ ಬಳಕೆಯಲ್ಲಿರುವ ಬಾಲ್ ಸ್ಕ್ರೂ ೧೬ ಮಿಲಿಮೀಟರ್ ವ್ಯಾಸದ್ದು. ಒಂದು ಸುತ್ತಿಗೆ ೫ ಮಿಲಿಮೀಟರ್ ಸರಿಯುತ್ತದೆ. ಇದರಲ್ಲಿ ದರ್ಜೆಗಳಿವೆ. ಅಗ್ಗವಾದ ಸಿ-೭ ದರ್ಜೆಯ ತಿರುಪಿನಲ್ಲಿ ೩೦೦ ಮಿಲಿಮೀಟರ್ ಉದ್ದಕ್ಕೆ ೦.೦೫ ಮಿಲಿಮೀಟರ್ ವರೆಗೆ ವ್ಯತ್ಯಾಸ ಇರಬಹುದು. ಹಲವು ಪಟ್ಟು ಬೆಲೆಯ ಸಿ-೫ ದರ್ಜೆಯಲ್ಲಿ ಅದು ೦.೦೧೮. ಕಾಗದದ ಮೇಲೆ ಎರಡನೆಯದೇ ಶ್ರೇಷ್ಠ. ಆದರೆ ಕೊರೆಯುವ ವಸ್ತು ಮರವಾದಾಗ ಈ ಶ್ರೇಷ್ಠತೆಯಿಂದ ಏನು ಪ್ರಯೋಜನ? ಹಲಗೆಯೇ ಒಂದು ಮಳೆಗಾಲದಲ್ಲಿ ಅದಕ್ಕಿಂತ ಹೆಚ್ಚು ಹಿಗ್ಗಿ ಕುಗ್ಗುತ್ತದೆ. ಸಡಿಲ ಚೌಕಟ್ಟಿನ ಮೇಲೆ ಸಿ-೫ ತಿರುಪು ಹಾಕುವುದು ಸೋರುವ ಮನೆಗೆ ಚಿತ್ತಾರದ ಬಾಗಿಲು ಇಟ್ಟಂತೆ.

ಇಲ್ಲಿ ಉಳಿದ ಹಣದಲ್ಲಿ ಸ್ವಲ್ಪವನ್ನು ತಿರುಪಿನ ತುದಿಯ ಬೇರಿಂಗಿಗೆ ಕೊಡುವುದು ಒಳ್ಳೆಯದು. ತಿರುಪು ಹಿಂದುಮುಂದೆ ಅಲುಗದಂತೆ ಹಿಡಿಯುವುದು ಈ ಬೇರಿಂಗೇ. ಉದ್ದುದ್ದಕ್ಕೆ ಬೀಳುವ ಒತ್ತಡವನ್ನು ತಾಳುವ ಬಗೆಯ ಬೇರಿಂಗು ಜೋಡಿ ಇಲ್ಲಿರಬೇಕು. ಅಗ್ಗದ ಕೆಲವು ಪೀಠಗಳಲ್ಲಿ ಸಾಮಾನ್ಯ ಚಕ್ರದ ಬೇರಿಂಗನ್ನೇ ಕೂರಿಸಿರುತ್ತಾರೆ. ಆಗ ತಿರುಪು ಎಷ್ಟು ಚೆನ್ನಾಗಿದ್ದರೂ ಸಡಿಲಾಟ ತಪ್ಪದು.

ಮೋಟಾರು, ಮೆದುಳು: ಇಲ್ಲಿ ಉಳಿಸಬಹುದು

ಮಗನ ವಾದಕ್ಕೆ ಉತ್ತರ ಇಲ್ಲಿದೆ. ಸ್ಟೆಪ್ಪರ್ ಮೋಟಾರು ಒಂದು ಸುತ್ತನ್ನು ೨೦೦ ಹೆಜ್ಜೆಗಳಲ್ಲಿ ತಿರುಗುತ್ತದೆ. ಅದನ್ನು ನಡೆಸುವ ಡ್ರೈವರ್ ಎಂಬ ಪೆಟ್ಟಿಗೆ ಒಂದೊಂದು ಹೆಜ್ಜೆಯನ್ನೂ ೮ ಪಾಲಾಗಿ ಒಡೆದರೆ ಸುತ್ತಿಗೆ ೧,೬೦೦ ಹೆಜ್ಜೆ. ತಿರುಪು ಸುತ್ತಿಗೆ ೫ ಮಿಲಿಮೀಟರ್ ಸಾಗುವುದರಿಂದ ಒಂದು ಮಿಲಿಮೀಟರಿಗೆ ೩೨೦ ಹೆಜ್ಜೆ. ಅಂದರೆ ಒಂದು ಹೆಜ್ಜೆಗೆ ೦.೦೦೩ ಮಿಲಿಮೀಟರ್! ಮಾರುವವರು ಎತ್ತಿ ತೋರಿಸುವುದು ಈ ಅಂಕಿಯನ್ನೇ. ಆದರೆ ಸರಳು ೦.೩ ಮಿಲಿಮೀಟರ್ ಬಾಗುವ ಯಂತ್ರದಲ್ಲಿ ಹೆಜ್ಜೆ ಅದರ ನೂರನೆಯ ಒಂದು ಪಾಲಾದರೆ ಬಂದ ಭಾಗ್ಯವೇನು? ಹೆಜ್ಜೆಯ ಸಣ್ಣತನ ಬೇರೆ, ಕೆಲಸದ ನಿಖರತೆ ಬೇರೆ.

ಇನ್ನು ಮೆದುಳಿನ ವೇಗ. ಉಳಿ ನಿಮಿಷಕ್ಕೆ ೩,೦೦೦ ಮಿಲಿಮೀಟರ್ ಸಾಗಬೇಕಾದರೆ ಸೆಕೆಂಡಿಗೆ ೧೬,೦೦೦ ಹೆಜ್ಜೆಗಳ ಆಜ್ಞೆ ಹೊರಡಬೇಕು. ಗ್ರಬಲ್ ತಂತ್ರಾಂಶವಿರುವ ಸಾಮಾನ್ಯ ಆರ್ಡುಯಿನೊ ಹಲಗೆ ಸೆಕೆಂಡಿಗೆ ೩೦,೦೦೦ ಹೆಜ್ಜೆಗಳ ತನಕ ನಿಭಾಯಿಸಬಲ್ಲದು. ಹೀಗಿರುವಾಗ ಮೊದಲ ಯಂತ್ರಕ್ಕೆ ದುಬಾರಿ ಹಲಗೆ ಏಕೆ? ಮುಂದೆ ಬೇಕೆನಿಸಿದರೆ ಒಂದು ಸಂಜೆಯಲ್ಲಿ ಹಳೆಯದನ್ನು ಕಳಚಿ ಹೊಸದನ್ನು ಕೂರಿಸಬಹುದು.

ಮೋಟಾರುಗಳಲ್ಲಿ, ತಾನು ಹೆಜ್ಜೆ ತಪ್ಪಿದ್ದನ್ನು ತಾನೇ ಅರಿತು ತಿದ್ದಿಕೊಳ್ಳುವ ದುಬಾರಿ ಬಗೆಯೊಂದಿದೆ. ಅದು ಅನುಕೂಲವೇ, ಆದರೂ ಅದು ಕಾಣುವುದು ಮೋಟಾರಿನ ತಿರುಗಾಟವನ್ನೇ ಹೊರತು ಉಳಿಯ ತುದಿಯನ್ನಲ್ಲ. ಚೌಕಟ್ಟು ಬಾಗಿದ್ದು ಅದಕ್ಕೂ ತಿಳಿಯದು. ಎರಡು ಅಡಿಯ ಯಂತ್ರಕ್ಕೆ ನೆಮಾ ೨೩ ಎಂಬ ಅಳತೆಯ ಸಾಮಾನ್ಯ ಮೋಟಾರು ಸಾಕು. ಡ್ರೈವರಿನಲ್ಲಿ ಮಾತ್ರ ಅತ್ಯಂತ ಅಗ್ಗದ್ದಕ್ಕಿಂತ ಒಂದು ಮೆಟ್ಟಿಲು ಮೇಲಿನ ಡಿಜಿಟಲ್ ಬಗೆಯದನ್ನು ಕೊಂಡರೆ ಸದ್ದೂ ನಡುಕವೂ ಕಡಮೆಯಾಗುತ್ತವೆ. ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಯಂಥ ಪೇಟೆಯಲ್ಲಿ ಇವೆಲ್ಲ ಬಿಡಿಬಿಡಿಯಾಗಿ ಸಿಗುವುದರಿಂದ ಇಂದು ಒಂದು, ನಾಳೆ ಒಂದು ಎಂದು ಕೊಳ್ಳಲೂ ಅಡ್ಡಿಯಿಲ್ಲ.

ಸ್ಪಿಂಡಲ್: ನಡುದಾರಿ

ಬಡಗಿಗಳು ಕೈಯಲ್ಲಿ ಹಿಡಿದು ಅಂಚು ಹೊಡೆಯುವ ಟ್ರಿಮ್ಮರ್ ಯಂತ್ರವನ್ನೇ ಸ್ಪಿಂಡಲಿನ ಜಾಗದಲ್ಲಿ ಕೂರಿಸುವುದು ಸುಲಭದ ದಾರಿ. ಗದ್ದಲ ಹೆಚ್ಚು, ಕಾರ್ಬನ್ ಬ್ರಷ್ಷುಗಳು ಸವೆಯುತ್ತವೆ. ಆದರೆ ಕೆಟ್ಟರೆ ಯಾವ ಊರಿನಲ್ಲಿಯೂ ರಿಪೇರಿಯಾಗುತ್ತದೆ. ಮೇಲಿನ ದರ್ಜೆಯದು ನೀರಿನಿಂದ ತಣಿಯುವ, ನಿಮಿಷಕ್ಕೆ ೨೪,೦೦೦ ಸುತ್ತು ತಿರುಗುವ ಸ್ಪಿಂಡಲ್. ಅದಕ್ಕೆ ವಿದ್ಯುತ್ತಿನ ಕಂಪನವನ್ನು ಸೆಕೆಂಡಿಗೆ ೪೦೦ರ ತನಕ ಏರಿಸುವ ಪ್ರತ್ಯೇಕ ಪೆಟ್ಟಿಗೆ ಬೇಕು, ನೀರಿನ ಪಂಪು ಬೇಕು, ಕಾಳಜಿಯ ತಂತಿ ಜೋಡಣೆಯೂ ಬೇಕು. ಮೊದಲ ವರ್ಷ ಟ್ರಿಮ್ಮರಿನಿಂದ ನಡೆಸಿ, ಅದನ್ನು ಹಿಡಿಯುವ ಪಟ್ಟಿಯನ್ನು ಮಾತ್ರ ಮುಂದೆ ಬದಲಾಯಿಸಲು ಬರುವಂತೆ ಮಾಡಿಕೊಂಡರೆ ಎರಡು ಲಾಭಗಳೂ ದಕ್ಕುತ್ತವೆ.

ಆದರೆ ಉಳಿಯನ್ನು ಕಚ್ಚಿ ಹಿಡಿಯುವ ಕಾಲೆಟ್ ಎಂಬ ಚಿಕ್ಕ ಭಾಗದಲ್ಲಿ ಜಿಪುಣತನ ಸಲ್ಲದು. ಕಾಲೆಟ್ ಓರೆಯಿದ್ದರೆ ಉಳಿಯ ತುದಿ ಸುತ್ತುವಾಗ ಓಲಾಡುತ್ತದೆ; ಕೊರೆತ ಒರಟಾಗುತ್ತದೆ, ಉಳಿ ಬೇಗ ಮುರಿಯುತ್ತದೆ. ಉಳಿಯೂ ಅಷ್ಟೆ. ಮೊಂಡು ಉಳಿ ಇರುವ ಉತ್ತಮ ಯಂತ್ರಕ್ಕಿಂತ, ಹರಿತ ಉಳಿ ಇರುವ ಸಾಧಾರಣ ಯಂತ್ರ ಚೆನ್ನಾಗಿ ಕೊರೆಯುತ್ತದೆ.

ಚೌಕಾಸಿಗೆ ಅವಕಾಶವಿಲ್ಲದ ಕಡೆ

ಇಷ್ಟು ಹೊತ್ತೂ ಲೆಕ್ಕ ಮರದ ಬಗ್ಗೆ ನಡೆಯಿತು. ಕೈ, ಕಣ್ಣು, ಮನೆ ಇವುಗಳ ಲೆಕ್ಕ ಬೇರೆ. ಯಂತ್ರ ಹಠಾತ್ತಾಗಿ ಅಡ್ಡಹಾದಿ ಹಿಡಿದಾಗ ಒಂದೇ ಏಟಿಗೆ ಮೋಟಾರುಗಳ ಮತ್ತು ಸ್ಪಿಂಡಲಿನ ವಿದ್ಯುತ್ತನ್ನು ಕಡಿಯುವ ಕೆಂಪು ಗುಂಡಿ ಕೈಗೆಟುಕುವಂತೆ ಇರಲೇಬೇಕು. ಲೋಹದ ಚೌಕಟ್ಟಿಗೂ ಸ್ಪಿಂಡಲಿನ ಮೈಗೂ ಸರಿಯಾದ ಅರ್ತಿಂಗ್ ಇರಬೇಕು. ಕೆಲವು ಅಗ್ಗದ ಸ್ಪಿಂಡಲುಗಳಲ್ಲಿ ಪ್ಲಗ್ಗಿನ ಅರ್ತ್ ಪಿನ್ನಿಗೂ ಲೋಹದ ಮೈಗೂ ಸಂಪರ್ಕವೇ ಇರುವುದಿಲ್ಲ. ವಿದ್ಯುತ್ ಹಾಕುವ ಮುನ್ನ ಮೀಟರು ಹಿಡಿದು ನೋಡುವುದು ಕ್ಷೇಮ. ನೀರು ಹರಿಯುವ ಯಂತ್ರದಲ್ಲಂತೂ ಇದು ಜೀವದ ಪ್ರಶ್ನೆ. ಲೇಬಲ್ಲಿನ ಮೇಲಿನ ಸಾಮರ್ಥ್ಯವನ್ನು ಕೊಡಲಾರದ ಅಗ್ಗದ ವಿದ್ಯುತ್ ಪೆಟ್ಟಿಗೆಯೂ, ಹೊರೆ ತಾಳದೆ ಬಿಸಿಯಾಗುವ ತೆಳು ತಂತಿಯೂ ಮಹಡಿಯ ಕೋಣೆಗೆ ಬೆಂಕಿಯ ಆಹ್ವಾನ. ಈ ಕೆಲಸವನ್ನು ಪರವಾನಗಿ ಪಡೆದ ಎಲೆಕ್ಟ್ರಿಷಿಯನ್ ಒಬ್ಬರಿಗೆ ತೋರಿಸಿಕೊಂಡರೆ ಕೊಟ್ಟ ಕೂಲಿ ನಷ್ಟವಲ್ಲ.

ಎಂ.ಡಿ.ಎಫ್. ಧೂಳು ಹಿಟ್ಟಿಗಿಂತ ನುಣುಪು, ಶ್ವಾಸಕೋಶಕ್ಕೆ ಹಗೆ. ಧೂಳು ಹೀರುವ ಕೊಳವೆ, ಒಳ್ಳೆಯ ಮುಖಗವಸು, ಕಣ್ಣಿಗೆ ಕನ್ನಡಕ, ಕಿವಿಗೆ ರಕ್ಷಣೆ, ಇವೆಲ್ಲವನ್ನೂ ಯಂತ್ರದ ಭಾಗಗಳೆಂದೇ ಎಣಿಸಿ ಪಟ್ಟಿಗೆ ಸೇರಿಸಬೇಕು. ಯಂತ್ರ ಓಡುತ್ತಿರುವಾಗ ಅದನ್ನು ಬಿಟ್ಟು ಊಟಕ್ಕೆ ಇಳಿಯಬಾರದು.

ಕೊಳ್ಳುವ ಮುನ್ನ

ದುಬಾರಿಯೆಲ್ಲ ಉತ್ತಮವಲ್ಲ, ಹೆಸರಾಂತ ಮುದ್ರೆಯೆಲ್ಲ ಅಸಲಿಯೂ ಅಲ್ಲ. ನಕಲಿ ಮುದ್ರೆ ಹೊತ್ತ ಹಳಿಗಳೂ ಬೇರಿಂಗುಗಳೂ ಪೇಟೆಯಲ್ಲಿ ಉಂಟು. ಆದುದರಿಂದ ಕಣ್ಣಿಗಿಂತ ಬೆರಳನ್ನು ನಂಬುವುದು ಲೇಸು. ಹಳಿಯ ಮೇಲೆ ಬಂಡಿಯನ್ನು ಒಂದು ಬೆರಳಿನಿಂದ ಮೆಲ್ಲಗೆ ತಳ್ಳಬೇಕು. ಎಲ್ಲಿಯಾದರೂ ತಡೆಯುತ್ತದೆಯೇ, ಗರಗರ ಎನ್ನುತ್ತದೆಯೇ, ಅತ್ತಿತ್ತ ಅಲುಗುತ್ತದೆಯೇ ಎಂದು ನೋಡಬೇಕು. ತಿರುಪು ಬಾಗಿದೆಯೇ ಎಂದು ತಿಳಿಯಲು ಅದನ್ನು ಸಮತಟ್ಟಾದ ದಪ್ಪ ಗಾಜಿನ ಮೇಲೆ ಉರುಳಿಸಿದರೆ ಸಾಕು. ಬಾಗಿದ್ದರೆ ಕೆಳಗಿನ ಬೆಳಕಿನ ಗೆರೆ ಹೆಚ್ಚು ಕಡಮೆಯಾಗುತ್ತದೆ.

ಅಗ್ಗ ಮತ್ತು ದುಬಾರಿಗಳ ನಡುವೆ ಮೂರನೆಯ ದಾರಿಯೊಂದುಂಟು: ಕಾರ್ಖಾನೆಗಳು ಬಿಚ್ಚಿ ಮಾರಿದ ಯಂತ್ರಗಳ ಹಳೆಯ, ಆದರೆ ಉತ್ತಮ ಜಾತಿಯ ಹಳಿ-ತಿರುಪುಗಳು. ತುಕ್ಕಿಲ್ಲದೆ, ತೋಡುಗಳಲ್ಲಿ ಕುಳಿಬೀಳದೆ ಇದ್ದರೆ ಇವು ಹೊಸ ಅಗ್ಗದ ಹಳಿಗಿಂತ ಮೇಲಾಗಿರಬಲ್ಲವು. ಬಂಡಿಯನ್ನು ಮಾತ್ರ ಹಳಿಯಿಂದ ಹೊರಕ್ಕೆ ಎಳೆಯಬಾರದು. ಕೆಲವು ಬಗೆಗಳಲ್ಲಿ ಗುಂಡುಗಳೆಲ್ಲ ನೆಲದ ಪಾಲಾಗುತ್ತವೆ.

ಮೂರನೆಯ ಚೀಟಿ

ಅಂದು ರಾತ್ರಿ ಊಟದ ಮೇಜಿನ ಮೇಲೆ ಮೂರನೆಯ ಚೀಟಿಯೊಂದು ಸಿದ್ಧವಾಗುತ್ತದೆ. ಅಕ್ಷರ ತಾಯಿಯದು. ಆಕೆ ನಡುವೆ ಒಂದು ಗೆರೆ ಎಳೆದು, ಒಂದು ಕಡೆ ‘ಆಮೇಲೆ ಬದಲಾಯಿಸಬಹುದು’ ಎಂದೂ ಇನ್ನೊಂದು ಕಡೆ ‘ಆಗದು’ ಎಂದೂ ಬರೆದಿದ್ದಾಳೆ. ಚೌಕಟ್ಟು, ಹಳಿ, ತಿರುಪುಗಳಿಗೆ ನೂರಕ್ಕೆ ೪೫. ಮೋಟಾರು ಮತ್ತು ನಿಯಂತ್ರಣಕ್ಕೆ ೨೦. ಸ್ಪಿಂಡಲು, ಕಾಲೆಟ್, ಉಳಿಗಳಿಗೆ ೨೦. ಕೆಂಪು ಗುಂಡಿ, ಅರ್ತಿಂಗ್, ಧೂಳು, ಕನ್ನಡಕಗಳಿಗೆ ೧೫. ನಾಲ್ಕು ಅಡಿಯ ಯಂತ್ರ ಎರಡು ಅಡಿಗೆ ಇಳಿದಿದೆ. ಇದು ಎಲ್ಲ ಮನೆಗೂ ಸಲ್ಲುವ ಶಾಸನವಲ್ಲ. ಅಲ್ಯುಮಿನಿಯಂ ಕೊರೆಯಬೇಕೆನ್ನುವವರು ಮೊದಲ ಅಂಕಿಯನ್ನು ಇನ್ನೂ ಏರಿಸಬೇಕು. ಬರಿಯ ಅಕ್ಷರ ಕೆತ್ತುವವರು ಇಳಿಸಬಹುದು. ಆದರೆ ಗೆರೆ ಎಳೆದು ನೋಡುವ ಕ್ರಮ ಎಲ್ಲರಿಗೂ ಸಲ್ಲುತ್ತದೆ.

ಯಂತ್ರ ಕಟ್ಟಿ ಮುಗಿದ ದಿನ ಮೊದಲು ಮಾಡಬೇಕಾದ ಪರೀಕ್ಷೆಗೆ ಖರ್ಚೇ ಇಲ್ಲ. ಉಳಿಯ ಜಾಗದಲ್ಲಿ ಒಂದು ಪೆನ್ನನ್ನು ಕಟ್ಟಿ, ದೊಡ್ಡ ಹಾಳೆಯ ಮೇಲೆ ಚೌಕವೊಂದನ್ನು ಬರೆಸಬೇಕು. ಅದರೊಳಗೆ ಒಂದು ವೃತ್ತ. ಚೌಕದ ಎರಡು ಕರ್ಣಗಳ ಅಳತೆ ಒಂದೇ ಬಂದರೆ ಚೌಕಟ್ಟು ಮೂಲೆಮಟ್ಟವಾಗಿದೆಯೆಂದು ಅರ್ಥ. ವೃತ್ತ ದುಂಡಗಿದ್ದರೆ ತಿರುಪುಗಳಲ್ಲಿ ಸಡಿಲಾಟವಿಲ್ಲವೆಂದು ಅರ್ಥ.

“ಹಾಗಾದರೆ ನನ್ನ ಎಲೆಕ್ಟ್ರಾನಿಕ್ಸಿಗೆ ಬರೀ ಇಪ್ಪತ್ತೇನಮ್ಮ?” ಎಂದು ಮಗ ಕೇಳುತ್ತಾನೆ.

“ಮುಂದಿನ ವರ್ಷ ಅದಕ್ಕೇ ಕೂಡಿಸು” ಎನ್ನುತ್ತಾಳೆ ತಾಯಿ. “ಈ ವರ್ಷ ನಿಮ್ಮಪ್ಪನ ಜೊತೆ ಕೂತು ಕಬ್ಬಿಣ ಮಟ್ಟ ಮಾಡು.”

ತಂದೆ ಮಾತಾಡದೆ ಎದ್ದು, ಕಪಾಟಿನ ಮೇಲಿನ ಹಳೆಯ ಪೆಟ್ಟಿಗೆಯನ್ನು ಇಳಿಸುತ್ತಾರೆ. ನಿವೃತ್ತಿಯಾದಂದಿನಿಂದ ತೆರೆಯದ ಅದರೊಳಗೆ, ಎಣ್ಣೆ ಸವರಿದ ಬಟ್ಟೆಯಲ್ಲಿ ಸುತ್ತಿಟ್ಟ ಮೂಲೆಮಟ್ಟವೊಂದೂ ಡಯಲ್ ಗೇಜೊಂದೂ ಇವೆ. ಎರಡೂ ಮೂರು ಚೀಟಿಗಳಲ್ಲಿ ಯಾವುದರಲ್ಲೂ ಬರೆದಿರದ ಸಾಮಾನುಗಳು.